ರೆನೆಲ್ಲಾ ಹಾಕಿದ ಇಪ್ಪತ್ನಾಲ್ಕು ಗಂಟು

ಲೂಸಿಯಾನಾದ ಈ ಸೀಗಡಿ ಹಿಡಿಯುವವರ ಊರಿನ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ನನ್ನದು ಒಂದೇ ಕೆಲಸ: ಯಾವ ಮಗು ಯಾವ ಪಾಠ ತೆಗೆದುಕೊಂಡು ಯಾವಾಗ ಶಾಲೆ ಮುಗಿಸಬೇಕೆಂದು ದಾರಿ ಹೇಳುವುದು. ಅಷ್ಟು ವರ್ಷದಲ್ಲಿ ನನ್ನ ಬಾಯಿ ಕಟ್ಟಿದ್ದು ಒಂದೇ ಸಲ.

ಓದು ಕಷ್ಟವಾಗುವ ಮಕ್ಕಳಿಗೆ ನಮ್ಮಲ್ಲೊಂದು ಪದ್ಧತಿ. ಕೊನೆಯ ವರ್ಷದ ಜನವರಿಯಲ್ಲಿ ಸಭೆ. ಯಜಮಾನರ ಕುರ್ಚಿಯಲ್ಲಿ ಆ ಮಗುವೇ ಕೂತು ತನ್ನ ಯೋಜನೆ ಹೇಳಬೇಕು. ಹೆಸರಿಗಷ್ಟೇ ಅದು. ಮಕ್ಕಳು ಗೊಣಗುತ್ತಿದ್ದವು, ಮಾತೆಲ್ಲ ನನ್ನದೇ.

ರೆನೆಲ್ಲಾ ಬಿಲಿಯೊಗೆ ಅಕ್ಷರಗಳು ಮೀನಿನ ಹಾಗೆ ಜಾರುತ್ತಿದ್ದವು. ಇಪ್ಪತ್ನಾಲ್ಕು ಪಾಠ ಪಾಸಾಗಬೇಕು. ಮೇ ತಿಂಗಳಿಗೆ ಇಪ್ಪತ್ತೆರಡೇ ಎಂದು ನನ್ನ ಲೆಕ್ಕ. ಶಾಲೆ ಮುಗಿಸಿದ ಪತ್ರ ಪಡೆಯಲು ಗೆಳತಿಯರ ಜೊತೆ ವೇದಿಕೆ ಹತ್ತುವ ಹಾಗಿಲ್ಲ, ಇನ್ನೊಂದು ವರ್ಷ ಕೂರಬೇಕು. ಹಾಗೆಂದು ಕಾಗದ ಬರೆದಿಟ್ಟುಕೊಂಡೇ ಅವಳ ಸಭೆಗೆ ಹೋಗಿದ್ದೆ.

ಹುಡುಗಿ ಅಜ್ಜಿ ಎಲ್ಮೀರ್ ಜೊತೆ ಬಂದು, ಬಲೆಯ ತುಂಡೊಂದನ್ನು ಮೇಜಿನ ಮೇಲೆ ಹರವಿದಳು.

"ಏನೇ ಇದು, ಇಲ್ಲೂ ಸೀಗಡಿ ಹಿಡೀತೀಯಾ?" ಎಂದೆ.

"ನಿನ್ನನ್ನ ಹಿಡಿಯೋಕೇ ಕಣಪ್ಪ ತಂದಿರೋದು," ಎಂದಳು ಮುದುಕಿ. "ಒಂದ್ನಿಮಿಷ ಬಾಯ್ ಮುಚ್ಕೊಂಡು ಕೇಳು."

ವರ್ಷಕ್ಕೊಂದು ಸಾಲು, ಪಾಠಕ್ಕೊಂದು ಗಂಟು. ರೆನೆಲ್ಲಾಳ ಬೆರಳು ಒಂದೊಂದನ್ನೇ ಮುಟ್ಟುತ್ತ ಹೋಯಿತು. "ಇದು ಬೀಜಗಣಿತ, ಎರಡನೇ ಸಲಕ್ಕೆ ಪಾಸು. ಇದು ವೆಲ್ಡಿಂಗು. ಈ ನೀಲಿವು ಈಗ ನಡೀತಿರೋ ಪಾಠ, ಇನ್ನೂ ಬಿಗಿದಿಲ್ಲ, ಮೇ ತಿಂಗಳಲ್ಲಿ ಬಿಗೀತೀನಿ." ಎರಡನೇ ಸಾಲಿನಲ್ಲಿ ಎರಡು ಕೆಂಪು ಗಂಟು. "ಇವು ಬಿರುಗಾಳಿ ವರ್ಷದ್ದು ಸರ್, ಚಿಕ್ಕಮ್ಮನ ಊರಿನ ಸ್ಕೂಲಲ್ಲಿ ಮುಗಿಸಿದ್ದು. ಇಂಗ್ಲಿಷು, ಚರಿತ್ರೆ. ನಿಮ್ಮ ಹಾಳೇಲಿ ಇಲ್ಲಿ ತೂತಿದೆ."

ಕಡತ ತೆಗೆದೆ. ಎರಡು ಅಡ್ಡಗೆರೆ, ನನ್ನದೇ ಕೈಬರಹ. ಶಾಲೆಯ ಚಾವಣಿ ಹಾರಿಹೋದ ಆ ವರ್ಷ, ಅಂಕ ಬರಬೇಕಿದೆ ಎಂಬ ಗುರುತಿಗೆ ಎಳೆದ ಗೆರೆ. ಆಮೇಲೆ ಕತ್ತೆಯಂತೆ ನಾನೇ ಅದನ್ನು ಸೊನ್ನೆ ಎಂದು ಓದಿಕೊಂಡು ಬಂದಿದ್ದೆ.

ಅಲ್ಲಿಂದಲೇ ಆ ಶಾಲೆಗೆ ಫೋನ್ ಮಾಡಿದೆ. ಗುಮಾಸ್ತೆ ಹುಡುಕಿ ಹೇಳಿದಳು: "ಎರಡೂ ಪಾಸು ಸರ್. ಯಾರೂ ಕೇಳ್ಲೇ ಇಲ್ವಲ್ಲ?"

ಕೆಂಪು ಗಂಟು ಹಿಡಿದು ಎಳೆದು ನೋಡಿದೆ. ಕೂದಲೆಳೆಯಷ್ಟೂ ಜಗ್ಗಲಿಲ್ಲ. ನಾಲ್ಕು ವರ್ಷದ ಓದು ಪೂರ್ತಿ ಆ ಹುಡುಗಿಯ ಬೆರಳ ತುದಿಯಲ್ಲಿತ್ತು. ಬರೆದು ತಂದಿದ್ದ ಕಾಗದವನ್ನು ಹರಿದು ಹಾಕಿದೆ.

"ನೋಡ್ದ್ಯಾ, ಸಿಕ್ಕಿಬಿದ್ದ," ಎಂದು ಎಲ್ಮೀರ್ ಮೊಮ್ಮಗಳ ಕಡೆ ತಿರುಗಿ ನಕ್ಕಳು.

ಮೇ ತಿಂಗಳಲ್ಲಿ ವೇದಿಕೆಯ ಪಕ್ಕ ನಿಂತಿದ್ದೆ. ಹೆಸರು ಕೂಗಿದರು. ರೆನೆಲ್ಲಾ ಗೌನಿನ ಒಳಗಿಂದ ಬಲೆ ತೆಗೆದು, ಕೊನೆಯ ನೀಲಿ ಗಂಟನ್ನು ಹಲ್ಲಿನಲ್ಲಿ ಕಚ್ಚಿ ಬಿಗಿದು, ಮೆಟ್ಟಿಲು ಹತ್ತಿದಳು.