ಸಾಲ್ಗೊ ಎಂದು ಬರೆದಿದ್ದ ಚೀಟಿ

ನಮ್ಮ ಕಚೇರಿಯಲ್ಲಿ ಮಧ್ಯಾಹ್ನವಾದರೆ ಪದಗಳಿಗೂ ತೂಕಡಿಕೆ. ಲ್ಯಾಟಿನ್ ತಾಯಿಯ ಒಂದೊಂದು ಪದ ಯಾವ ಮಗಳು-ಭಾಷೆಯ ಮನೆ ಸೇರಿ ಏನಾಯಿತು ಎಂದು ಬರೆದಿಡುವ ನಿಘಂಟು ನಮ್ಮದು. ಇಟಾಲಿಯನ್ ಚೀಟಿಗಳು ಅಪ್ಪನವು, ಸ್ಪ್ಯಾನಿಷ್ ನನ್ನವು. ಕಿಟಕಿಯ ಮಬ್ಬು ಬೆಳಕಿನಲ್ಲಿ ಎದುರುಬದುರು ಕೂತು ಬರೆಯುವಾಗ, ಪದಗಳು ಅವರ ಮೇಜಿನಿಂದ ಬರಿಗಾಲಲ್ಲೇ ನನ್ನ ಮೇಜಿಗೆ ನಡೆದು ಬರುತ್ತಿವೆ ಅನ್ನಿಸುತ್ತಿತ್ತು.

ಹಾಳಾದ್ದು 'ಬುರ್ರೊ' ಬಂತು ನೋಡಿ. ಅಪ್ಪ ಎದ್ದು ನಿಂತು, "ಬುರ್ರೊ ಅಂದ್ರೆ ಬೆಣ್ಣೆ" ಎಂದು ಎಲ್ಲರೆದುರು ಓದಿದರು. ನನ್ನ ಬಾಯಿ ಸುಮ್ಮನಿರಬೇಕಲ್ಲ! "ನಮ್ಮ ಸ್ಪ್ಯಾನಿಷ್‌ನಲ್ಲಿ ಕತ್ತೆ, ಅಪ್ಪ" ಅಂದೆ. ಎರಡು ಪದಗಳ ಹುಟ್ಟೇ ಬೇರೆ. ನಗುವವರಿಗೆ ಅದೆಲ್ಲ ಯಾಕೆ? ಅಂದಿನಿಂದ ಅಪ್ಪ ಕಚೇರಿಗೆಲ್ಲ 'ಬುರ್ರೊ ಸಾರ್' ಆದರು.

ಸಂಜೆ ಅವರು ಆಡಿದ್ದು ಇಷ್ಟೇ: "ನಾಲ್ಕು ಜನರ ಮುಂದೆ ನನ್ನ ಮಾನ ಕಳೆದೆ. ಇನ್ನು ನಿನ್ನ ಮನೆ ಮೆಟ್ಟಿಲು ತುಳಿಯಲ್ಲ."

ಏಳು ತಿಂಗಳು ತುಳಿಯಲೂ ಇಲ್ಲ, ಮುಖ ಕೊಟ್ಟು ಮಾತಾಡಲೂ ಇಲ್ಲ. ಕೆಲಸದ ಮಾತಿದ್ದರೆ ಚೀಟಿ ಬರೆದು ನನ್ನತ್ತ ತಳ್ಳುತ್ತಿದ್ದರು. ನನಗೂ ಜಂಬ. ಕ್ಷಮೆ ಕೇಳಲೆಂದು ಬಾಯಿ ತೆರೆದು, ಆಕಳಿಸಿದವಳಂತೆ ಮುಚ್ಚಿಕೊಳ್ಳುತ್ತಿದ್ದೆ.

ಅವರ ನಿವೃತ್ತಿಯ ದಿನ ಬಂತು. ಸಂಜೆ ಐದೂವರೆಯ ರೈಲಿಗೆ ನನ್ನಣ್ಣನ ಊರಿಗೆ ಹೊರಡುವವರು, ಇನ್ನು ಅಲ್ಲೇ ಇರುವವರು. ನಾನು ಮುದ್ರಣಾಲಯಕ್ಕೆ ಹೋಗಿ ಬರುವಷ್ಟರಲ್ಲಿ ಅವರ ಕುರ್ಚಿ ಖಾಲಿ. ನನ್ನ ಮೇಜಿನ ಮೇಲೊಂದು ಚೀಟಿ. ಅದರಲ್ಲಿ ಒಂದೇ ಪದ: ಸಾಲ್ಗೊ.

'ಹೊರಟೆ' ಅಂತ. ಇಷ್ಟೇನಾ ಅಪ್ಪ?

ಓಡಿದೆ. ಬೀದಿಗೆಲ್ಲ ಮಂಜು ಇಳಿದಿತ್ತು. ಎಷ್ಟು ಓಡಿದರೂ ನಿಂತಲ್ಲೇ ನಿಂತ ಹಾಗಿತ್ತು. ನಿಲ್ದಾಣದಲ್ಲಿ ರೈಲಿನ ಕಿಟಕಿ ಕಿಟಕಿಗೂ ಇಣುಕಿದೆ. ಎಲ್ಲ ಮುಖಗಳೂ ಅಪ್ಪನ ಹಾಗೆ ಕಂಡವು, ಒಂದೂ ಅಪ್ಪನದಲ್ಲ. ರೈಲು ಹೋಯಿತು. ಬೆಂಚಿನ ಮೇಲೆ ಕೂತು ನಾಚಿಕೆ ಬಿಟ್ಟು ಅತ್ತೆ.

ನನ್ನ ಮನೆ ನಾಲ್ಕನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಕಾಲೆಳೆಯುತ್ತ ಹತ್ತಿ ಬಂದರೆ, ಕೊನೆಯ ಮೆಟ್ಟಿಲ ಮೇಲೆ ಅಪ್ಪ ಮೊಣಕಾಲು ನೀವಿಕೊಳ್ಳುತ್ತ ಕೂತಿದ್ದಾರೆ. ಪಕ್ಕದಲ್ಲಿ ಪೆಟ್ಟಿಗೆ.

"ಎಲ್ಲಿ ಹೋಗಿದ್ದೆ? ಎರಡು ಗಂಟೆ ಹೊತ್ತಿನಿಂದ ಕಾಯ್ತಿದ್ದೀನಿ. ಬರ್ತೀನಿ ಅಂತ ಬರೆದಿಟ್ಟಿದ್ನಲ್ಲ!"

"ಹೊರಟೆ ಅಂತ ಬರೆದಿದ್ರಿ."

"ಅದು ನಿನ್ನ ಸ್ಪ್ಯಾನಿಷ್‌ನಲ್ಲಿ. ನಾನ್ಯಾವತ್ತು ಸ್ಪ್ಯಾನಿಷ್ ಬರೆದಿದ್ದೀನಿ? ನಮ್ಮ ಇಟಾಲಿಯನ್‌ನಲ್ಲಿ ಸಾಲ್ಗೊ ಅಂದ್ರೆ ಮೇಲೆ ಹತ್ತಿ ಬರ್ತೀನಿ ಅಂತ."

ಹೌದಲ್ಲ! ಲ್ಯಾಟಿನ್ನಿನಲ್ಲಿ ಅದು ಬರೀ ಜಿಗಿತ. ಜಿಗಿದ ಪದ ಒಬ್ಬ ಮಗಳ ಮನೆಯಲ್ಲಿ ಮೇಲೆ ಹತ್ತಿತು, ಇನ್ನೊಬ್ಬಳ ಮನೆಯಲ್ಲಿ ಹೊರಗೆ ನಡೆಯಿತು, ರೊಮೇನಿಯನ್ ಮಗಳ ಮನೆಯಲ್ಲಿ ಇವತ್ತಿಗೂ ಜಿಗಿಯುತ್ತಲೇ ಇದೆ. ಇದನ್ನೆಲ್ಲ ನಿಘಂಟಿಗೆ ಬರೆದ ಮಹಾಪಂಡಿತೆ ನಾನೇ.

"ನೆಟ್ಟಗೆ ನಮ್ಮ ಮನೆ ಭಾಷೇಲೇ ಬರೀಬಹುದಿತ್ತಲ್ಲ ಅಪ್ಪ?"

ಅವರು ಗೋಡೆ ನೋಡಿದರು. "ಬರಲ್ಲ ಅಂದಿದ್ದು ನಮ್ಮ ಭಾಷೇಲಿ. ಅದೇ ಭಾಷೇಲಿ ಬರ್ತೀನಿ ಅನ್ನೋಕೆ ನಾಚಿಕೆ ಆಯ್ತು."

"ತಪ್ಪಾಯ್ತಪ್ಪ" ಅಂದೆ. ಏಳು ತಿಂಗಳು ಹೊರಡದ ಮಾತು ಅದು.

"ಬಾಗಿಲು ತೆಗಿ ಪುಟ್ಟಿ" ಅಂದರು. "ರೈಲು ನಾಳೆನೂ ಇದೆ."