ಎಷ್ಟಕ್ಕೆ ಕುದಿಯಿತು?

‘ಕುದೀತಿದೆ’ ಎಂಬ ಮಾತನ್ನು ನಮ್ಮ ಅತ್ತಿಗೆ ಉತ್ತರವೆಂದು ಒಪ್ಪಿದವಳೇ ಅಲ್ಲ. ‘ಎಷ್ಟಕ್ಕೆ?’ ಎಂದು ಕೇಳಿ, ಅಣ್ಣನ ಹಳೆಯ ಕೋಟಿನ ತೋಳು ಮಡಚಿ, ಬಲಗಾಲನ್ನು ತುಸು ಎಳೆಯುತ್ತ ತಾನೇ ನೋಡಲು ಹೊರಟುಬಿಡುವಳು. ಉಪ್ಪುನೀರು ಕುದಿಸಿ ಉಪ್ಪು ತೆಗೆಯುವ, ನಾವಿಬ್ಬರೂ ದುಡಿಯುತ್ತಿದ್ದ ಕಾರ್ಖಾನೆಯಲ್ಲಿ ಅವಳಿಗೆ ‘ಎಷ್ಟಕ್ಕೆ ಅಕ್ಕ’ ಎಂದೇ ಹೆಸರು.

ಅಂಗಳದಷ್ಟು ಅಗಲದ ಕಬ್ಬಿಣದ ಬಾಣಲೆ ಅವಳ ಸುಪರ್ದಿಯಲ್ಲಿತ್ತು. ಬರಿನೀರು ನೂರು ಡಿಗ್ರಿಗೆ ಕುದಿಯತೊಡಗಿದರೆ ಮುಗಿಯಿತು, ಎಷ್ಟು ಉರಿ ಹಾಕಿದರೂ ಮೇಲೇರದು. ಒಡಲಲ್ಲಿ ಉಪ್ಪನ್ನು ಇಟ್ಟುಕೊಂಡ ನೀರಿನ ಗತ್ತೇ ಬೇರೆ. ಆವಿ ಹೋಗಿ ಮಂದವಾದಂತೆಲ್ಲ ಅದರ ಕುದಿ ನೂರೆರಡು, ನೂರೈದು, ನೂರೆಂಟು ಎಂದು ಏರುತ್ತಲೇ ಹೋಗುತ್ತದೆ. ನೂರೊಂಬತ್ತಕ್ಕೆ ಉರಿ ಎಳೆದು ಹರಳು ಬಾಚಬೇಕು. ದಾಟಿದರೆ ನೀರಿನಲ್ಲೇ ಉಳಿಯಬೇಕಾದ ಕಹಿ ಲವಣಗಳೂ ಉಪ್ಪಿಗೆ ಅಂಟುತ್ತವೆ. ಒಲೆಗೆ ಸೌದೆ ಒಡ್ಡುತ್ತಿದ್ದ ನಾನು ಈ ವಿದ್ಯೆ ಕಲಿತದ್ದು ಯಾವ ಶಾಲೆಯಲ್ಲೂ ಅಲ್ಲ, ಅವಳ ಬೈಗುಳದಲ್ಲಿ. ಆಲೂಗಡ್ಡೆ ಬೇಗ ಬೇಯಲೆಂದು ಒಮ್ಮೆ ಚಿಟಿಕೆ ಉಪ್ಪು ಹಾಕಿ ಬೀಗಿದ್ದೆ. ‘ಆ ಚಿಟಿಕೆ ಬಿದ್ದದ್ದು ನೀರಿಗೆ ಗೊತ್ತೇ ಆಗಿಲ್ಲ, ಮೈದುನ್ರೇ!’ ಎಂದು ಹೊಟ್ಟೆ ಹಿಡಿದು ನಕ್ಕಿದ್ದಳು.

ಹೆಂಗಸಿನ ಕೈಗೆ ಬಾಣಲೆ ಕೊಡಲು ಅಳುಕಿದ್ದ ಮಾಲೀಕ ಮೊದಲೇ ಷರತ್ತು ಹಾಕಿದ್ದ: ‘ಒಂದೇ ಒಂದು ರಾಶಿ ಕೆಡಲಿ, ಚೀಲ ಹೊಲಿಯೋಕೆ ಕೂರ್ಬೇಕಾಗುತ್ತೆ.’

ಹಳೆಯ ಥರ್ಮಾಮೀಟರು ಒಡೆದು ಹೊಸದು ಬಂದ ದಿನ. ಅದರ ಗೆರೆ ನೂರೊಂಬತ್ತು ಮುಟ್ಟಿದ ಕ್ಷಣಕ್ಕೇ ಉರಿ ಎಳೆಸಿದಳು. ಹಾಲು ಚೆಲ್ಲಿದಂಥ ರಾಶಿ ಎದ್ದಿತು. ಚಹಾಕ್ಕಿಟ್ಟ ನೀರು ಕುದಿಯಿತೆಂದು ನಾನು ಕೂಗಿದೆ. ಸುಮ್ಮನಿರಲಾರದೆ ಅದರಲ್ಲೂ ಆ ಕಡ್ಡಿ ಅದ್ದಿದಳು. ತೊಂಬತ್ತೆಂಟು! ಅವಳ ಮುಖ ಬಾಡಿತು.

‘ಇದು ಎರಡು ಕಡಿಮೆ ಹೇಳ್ತಿದೆ. ಅಂದ್ರೆ ಬಾಣಲೇನ ನಾನು ನೂರಾಹನ್ನೊಂದರವರೆಗೂ ಕಾಯಿಸಿದೀನಿ.’

‘ಸುಮ್ಮನಿರಿ ಅತ್ತಿಗೆ,’ ಎಂದು ಪಿಸುಗುಟ್ಟಿದೆ, ‘ನಿನ್ನೆಯ ರಾಶೀಲಿ ಬೆರೆಸಿಬಿಟ್ರೆ ಯಾರಿಗೂ ಗೊತ್ತಾಗಲ್ಲ.’

‘ಬೆರೆಸಿದ್ರೆ ಕೆಟ್ಟದ್ದು ಒಂದು ಹೋಗಿ ಎರಡಾಗುತ್ತೆ. ದಾರಿ ಬಿಡಿ.’

ಮಾಲೀಕ ಉಪ್ಪನ್ನು ನಾಲಗೆಗೆ ಮುಟ್ಟಿಸುವ ಮೊದಲೇ ತಪ್ಪನ್ನು ತಾನೇ ಹೇಳಿದಳು. ಅವನು ರುಚಿ ನೋಡಿ ಉಗಿದ; ಆಡಿದ ಮಾತನ್ನೂ ಉಳಿಸಿಕೊಂಡ. ಮರುದಿನದಿಂದ ಅವಳ ಕೈಗೆ ಚೀಲ ಹೊಲಿಯುವ ದಬ್ಬಳ ಬಂತು.

ಲೋಕವನ್ನು ಅಳೆದು ತಪ್ಪು ಹುಡುಕುವವರನ್ನು ಬೇಕಾದಷ್ಟು ನೋಡಿದ್ದೇನೆ. ತಮ್ಮ ಅಳತೆಗೋಲನ್ನೇ ಅನುಮಾನಿಸಬಲ್ಲವರು ಅಪರೂಪ. ಅಂಥವರ ಮಗ್ಗುಲಲ್ಲಿ ಬದುಕುವುದು ಸುಲಭವಲ್ಲ. ಆದರೂ ನಾವು ಕಣ್ಣುಮುಚ್ಚಿ ಬಾಯಿಗಿಡುವ ಒಂದೊಂದು ತುತ್ತಿನ ಹಿಂದೆಯೂ ಅಂಥವರೊಬ್ಬರು ಎಲ್ಲೋ ಕಣ್ಣು ತೆರೆದು ನಿಂತಿರುತ್ತಾರೆ.