ಮೊರುಬೆ ಸಾಯದ ಕಂತು

ನಾನು ಸತ್ತಷ್ಟು ಸಲ ಈ ಜಪಾನಿನಲ್ಲಿ ಇನ್ಯಾರೂ ಸತ್ತಿರಲಿಕ್ಕಿಲ್ಲ. ಭಾನುವಾರ ಬೆಳಿಗ್ಗೆ ಮಕ್ಕಳಿಗೆಂದೇ ಟೀವಿಯಲ್ಲಿ ವೀರರ ಧಾರಾವಾಹಿ ಬರುತ್ತದಲ್ಲ, ಅದರಲ್ಲಿ ಬರುವ ರಾಕ್ಷಸರ, ಅನ್ಯಗ್ರಹದವರ ರಬ್ಬರ್ ವೇಷದೊಳಗೆ ಇರುವವಳು ನಾನು, ಸುಗಿನೊ ಮಿಸಾವೊ. ನನ್ನ ಮುಖ ಯಾರಿಗೂ ಗೊತ್ತಿಲ್ಲ. ದನಿಯೂ ನನ್ನದಲ್ಲ, ಅದನ್ನು ಆಮೇಲೆ ಬೇರೆ ಯಾರೋ ಸ್ಟುಡಿಯೋದಲ್ಲಿ ತಣ್ಣಗೆ ಕೂತು ಸೇರಿಸುತ್ತಾರೆ. ನನ್ನ ಕೆಲಸ ಬರುವುದು, ಗುದ್ದಾಡುವುದು, ವೀರನ ಅಂಗೈಯಿಂದ ಬೆಳಕು ಚಿಮ್ಮಿದಾಗ ಅಂಗಾತ ಬೀಳುವುದು. ಹಿಂದೆ ಮದ್ದು ಢಂ ಎನ್ನುತ್ತದೆ. ಅಲ್ಲಿಗೆ ನನ್ನ ಪಾತ್ರ ಮುಗಿಯಿತು, ಮನೆಗೆ ಹೋಗಿ ಬಿಸಿನೀರಿನ ತೊಟ್ಟಿಗೆ ಇಳಿಯುತ್ತೇನೆ.

ವಯಸ್ಸು ಐವತ್ತರ ಹತ್ತಿರ ಬಂತು. ಸೊಂಟ ಎದ್ದರೂ ನೋವು, ಕೂತರೂ ನೋವು. ಇನ್ನು ಒಂದೋ ಎರಡೋ ವೇಷ, ಆಮೇಲೆ ಸಾಕು ಅಂದುಕೊಳ್ಳುತ್ತಿದ್ದಾಗ ‘ಮೊರುಬೆಗಳು ಮರಳಿ ಬಂದರು’ ಎಂಬ ಕಂತಿನ ಸ್ಕ್ರಿಪ್ಟು ಕೈಗೆ ಬಂತು.

ಮೊರುಬೆ ಎಂದರೆ ಅನ್ಯಗ್ರಹದ ಒಂದು ಜೀವಿ, ಏಡಿಯ ಬೆನ್ನು, ಮೂರು ಕಣ್ಣು, ಮೊಣಕಾಲಿನವರೆಗೆ ತೂಗುವ ಕೈ. ಇಪ್ಪತ್ತೆರಡು ವರ್ಷದ ಹಿಂದೆ ಅದರೊಳಗೂ ನಾನೇ ಇದ್ದೆ. ಆ ಹಳೆಯ ಕಂತಿನಲ್ಲಿ ಒಂದು ಮಗು ಓಡುತ್ತಾ ಎಡವಿ ಬೀಳುತ್ತದೆ, ಮೊರುಬೆ ಬಗ್ಗಿ ಕೈ ಚಾಚುತ್ತದೆ, ಅಷ್ಟರಲ್ಲಿ ಧಾರಾವಾಹಿಯ ನಾಯಕ ಬೆಳ್ಳಿವೀರ ಹಿಂದಿನಿಂದ ಬೆಳಕು ಬಿಟ್ಟು ಅದನ್ನು ಸುಟ್ಟುಹಾಕುತ್ತಾನೆ. ಊರಿಗೆಲ್ಲ ಸಂತೋಷ. ಹೊಸ ಸ್ಕ್ರಿಪ್ಟು ಬರೆದ ಹುಡುಗಿ ಆ ದೃಶ್ಯವನ್ನು ಇನ್ನೊಂದು ಸಲ ನೋಡಿ, ಅದು ಮಗುವನ್ನು ಹಿಡಿಯಲು ಬಗ್ಗಿದ್ದಲ್ಲ, ಎತ್ತಲು ಬಗ್ಗಿದ್ದು ಎಂದಿದ್ದಳು. ಈಗ ಮೂವರು ಮೊರುಬೆಗಳು ವಾಪಸ್ ಬರುತ್ತಾರೆ. ಸೇಡು ತೀರಿಸಿಕೊಳ್ಳಲಿಕ್ಕಲ್ಲ, ನಮ್ಮವನನ್ನು ಯಾಕೆ ಕೊಂದಿರಿ ಎಂದು ಕೇಳಲಿಕ್ಕೆ. ಕೊನೆಯಲ್ಲಿ ಒಂದು ಪುಟ್ಟ ಹುಡುಗಿ ಮುಂದೆ ಬಂದು ಕೈ ಕೊಡುತ್ತಾಳೆ. ಮೊರುಬೆ ಬದುಕಿಕೊಂಡು ತನ್ನ ಆಕಾಶಹಡಗಿಗೆ ನಡೆದು ಹೋಗುತ್ತದೆ.

ಅದನ್ನು ಓದಿ ನಾನು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ನಾಚಿಕೆ ಎಂಥದ್ದು? ಇಷ್ಟು ವರ್ಷದಲ್ಲಿ ಒಂದು ಕಂತಿನಲ್ಲಾದರೂ ಕೊನೆಯವರೆಗೆ ಉಸಿರಾಡಿಕೊಂಡಿರಬೇಕು ಎಂಬ ಆಸೆ ನನ್ನೊಳಗೆ ಅಷ್ಟಿತ್ತು ಎಂದು ನನಗೇ ಗೊತ್ತಿರಲಿಲ್ಲ.

ಆದರೆ ಟೀವಿಯವರಿಗೆ ಧೈರ್ಯ ಸಾಲಲಿಲ್ಲ. ಮಕ್ಕಳಿಗೆ ಢಂ ಬೇಕು, ಢಂ ಇಲ್ಲದೆ ಕಂತು ಮುಗಿದರೆ ಹೇಗೆ ಎಂದು ತಲೆ ಕೆರೆದುಕೊಂಡು, ಹಳೆಯ ಥರದ ಕೊನೆಯೂ ಒಂದು ಸಿದ್ಧವಾಗಿರಲಿ ಎಂದರು. ಹಾಗಾಗಿ ಚಿತ್ರೀಕರಣದ ದಿನ, ಟೋಕಿಯೋದ ಉತ್ತರಕ್ಕಿರುವ ಕಲ್ಲುಕ್ವಾರಿಯಲ್ಲಿ, ಸಿಡಿಮದ್ದಿನ ಕೆಲಸದ ವಾಕುಯಿ ಬೆಳಿಗ್ಗೆಯೇ ಬಂದು ನೆಲ ಅಗೆದು ಪೊಟ್ಟಣ ಹೂತು ತಂತಿ ಎಳೆದಿದ್ದ. ನನ್ನನ್ನು ಅತಿ ಹೆಚ್ಚು ಸಲ ಸುಟ್ಟವನು ಅವನೇ.

“ಇವತ್ತು ನಿನ್ನ ಮದ್ದಿಗೆ ಕೆಲಸ ಇಲ್ಲ, ಹೋಗಿ ಊಟದ ಹಂಡೇಲಿರೋ ಹಂದಿ ಸಾರು ಕುಡ್ಕೊಂಡು ಮಲಕ್ಕೋ,” ಎಂದೆ.

“ನೋಡೋಣ ನೋಡೋಣ. ನೀನು ಸಾಯದೆ ಇದ್ರೆ ನಂಗೆ ಊಟ ಸೇರಲ್ಲ ಮಾರಾಯ್ತಿ,” ಎಂದು ಹಲ್ಲು ಕಿರಿದ.

ಫೆಬ್ರವರಿಯ ಚಳಿ. ವೇಷದ ತಲೆ ಹಾಕಿದ ಮೇಲೆ ನನಗೆ ಕಾಣುವುದು ಕುತ್ತಿಗೆಯ ಹತ್ತಿರದ ಒಂದು ಸೀಳಿನಷ್ಟೇ ಜಗತ್ತು. ನನ್ನ ಕೈ ಹಿಡಿದು ನಡೆಸುವುದು ಫುಸಾಯೆ ಅಕ್ಕ, ಉಡುಪಿನ ವಿಭಾಗದವಳು, ನನಗಿಂತ ಹದಿನೈದು ವರ್ಷ ದೊಡ್ಡವಳು. ನಮ್ಮ ಕಸುಬಿನಲ್ಲಿ ಒಂದು ಮರ್ಯಾದೆ ಇದೆ. ಮಕ್ಕಳೆದುರು ತಲೆ ತೆಗೆಯಬಾರದು, ಮಾತಾಡಬಾರದು. ಮಗು ನಟಿಯೇ ಆಗಿರಲಿ, ನಿರ್ಮಾಪಕನ ಮೊಮ್ಮಗಳೇ ಆಗಿರಲಿ, ಮಗುವಿನ ಮುಂದೆ ಮೊರುಬೆ ಮೊರುಬೆಯೇ.

ಕೈ ಕೊಡಬೇಕಾದ ಹುಡುಗಿ ನಾಯು, ಆರು ವರ್ಷದವಳು, ಕೆಂಪು ಕೋಟು. ಮೊದಲ ಟೇಕಿನಲ್ಲಿ ಎರಡು ಹೆಜ್ಜೆ ಬಂದು ನಿಂತಳು. ಎರಡನೆಯದರಲ್ಲಿ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ಮೂರನೆಯದರಲ್ಲಿ ಅಳು ಶುರುವಾಯಿತು. ತಾಯಿ ಓಡಿ ಬಂದು ಮುಖ ಒರೆಸಿ, ಎಲ್ಲರಿಗೂ ಬಗ್ಗಿ ಬಗ್ಗಿ ಕ್ಷಮೆ ಕೇಳಿದಳು. ಸೂರ್ಯ ಕ್ವಾರಿಯ ಅಂಚಿಗೆ ಬರುತ್ತಿದ್ದ.

ಡೈರೆಕ್ಟರ್ ಮುನಕಾತಾ ನನ್ನ ಹತ್ತಿರ ಬಂದು ಮೊರುಬೆಯ ಕುತ್ತಿಗೆಯ ಸೀಳಿಗೆ ಬಾಯಿಟ್ಟು ಹೇಳಿದರು: “ಸುಗಿನೊ ಸಾನ್, ಮಗು ಹೆದರಿದೆ. ಒಂದ್ಸಲ ತಲೆ ತೆಗೆದು ಮುಖ ತೋರಿಸಿಬಿಡಿ, ಒಳಗೆ ಆಂಟಿ ಇದಾರೆ ಅಂತ ಗೊತ್ತಾಗ್ಲಿ. ಇಲ್ಲಾಂದ್ರೆ ಬೆಳಕು ಹೋಗತ್ತೆ, ನಾನು ಹಳೇ ಕೊನೆ ತೆಗೀಬೇಕಾಗತ್ತೆ.”

“ತೆಗೆಯೋದಾ? ಮಗು ಮುಂದೆಯಾ? ನಾನಿರೋವರೆಗೆ ಆಗಲ್ಲ,” ಎಂದು ಫುಸಾಯೆ ಅಕ್ಕ ಹೌಹಾರಿದಳು.

ನಿಜ ಹೇಳಬೇಕೆಂದರೆ ನನ್ನ ಕೈ ತಲೆಯ ಕೊಕ್ಕೆಯತ್ತ ಹೋಗಿತ್ತು. ಬದುಕಬೇಕಿತ್ತಲ್ಲ ನನಗೆ! ಕೊನೆಗೆ ಕೈ ಇಳಿಸಿದೆ, ಆ ಮಗುವನ್ನೇ ಒಮ್ಮೆ ಹತ್ತಿರದಿಂದ ನೋಡೋಣ ಎಂದು ಫುಸಾಯೆ ಅಕ್ಕನ ಕೈಯನ್ನು ಎಳೆದೆ.

ನಾಯು ಮಡಚುಕುರ್ಚಿಯ ಹಿಂದೆ ಕುಕ್ಕರಿಸಿದ್ದಳು. ನಾನು ಹತ್ತಿರ ಬಂದದ್ದೇ ತಡ, ಎದ್ದು ನಿಂತು ಎರಡೂ ಕೈಯಿಂದ ನನ್ನ ಹೊಟ್ಟೆಯನ್ನು ತಳ್ಳಿದಳು. ಹೆದರಿದ ಮಗು ಮುಟ್ಟುತ್ತದೆಯೇ?

“ಬರ್ಬೇಡ! ನನ್ನ ಹತ್ರ ಬರ್ಬೇಡ, ಓಡ್ಹೋಗು!” ಎಂದು ಬಿಕ್ಕಿದಳು. “ನಾನು ನೋಡಿದೀನಿ. ಹೋದ್ಸಲನೂ ನೀನು ಕೈ ಕೊಟ್ಟೆ, ಆಗ ಸುಟ್ಬಿಟ್ರು. ಇವತ್ತೂ ಸುಡ್ತಾರೆ. ಆ ಅಂಕಲ್ ಅಲ್ಲಿ ಮಣ್ಣಲ್ಲಿ ಏನೋ ಇಟ್ಟಿದಾರೆ, ನಾನೇ ನೋಡ್ದೆ!”

ಪಾತ್ರಕ್ಕೆ ಸಿದ್ಧವಾಗಲಿ ಎಂದು ತಾಯಿ ಹಳೆಯ ಕಂತನ್ನು ತೋರಿಸಿದ್ದಳಂತೆ. ನಮ್ಮವರು ಮಾತ್ರ, ಕಥೆ ಹೊರಗೆ ಬೀಳಬಾರದು ಎಂದು, ಅವಳ ಎರಡು ಪುಟ ಬಿಟ್ಟು ಬೇರೇನೂ ಕೊಟ್ಟಿರಲಿಲ್ಲ. ಕೈ ಕೊಡಬೇಕು ಎಂದು ಅವಳಿಗೆ ಗೊತ್ತಿತ್ತು. ಆಮೇಲೇನಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ.

“ಇಲ್ಲಮ್ಮ ಪುಟ್ಟಿ, ಏನೂ ಮಾಡಲ್ಲ, ಪ್ರಾಮಿಸ್,” ಎಂದರು ಮುನಕಾತಾ.

“ಹಾಗಾದ್ರೆ ಅದನ್ನ ಯಾಕೆ ಇಟ್ಟಿದೀರಿ?”

ಮುನಕಾತಾ ವಾಕುಯಿಯ ಕಡೆ ತಿರುಗಿದರು. ನನಗೆ ಪಿತ್ತ ನೆತ್ತಿಗೇರಿತು. ಸರಿಯಾಗಿಯೇ ಕೇಳಿದ್ದಳಲ್ಲ! ನನ್ನ ಸಾವನ್ನು ಮಣ್ಣಿನಲ್ಲಿ ಹೂತಿಟ್ಟು, ಸಾಯುವುದಿಲ್ಲ ಬಾ ಎಂದು ಮಗುವಿಗೆ ಹೇಳುವುದು ಯಾವ ನ್ಯಾಯ? ಇಷ್ಟು ಹೊತ್ತು ನಾನೂ ಆ ಪೊಟ್ಟಣಗಳ ಬಗ್ಗೆ ತಮಾಷೆ ಮಾಡಿಕೊಂಡೇ ಇದ್ದೆ. ಆ ಕೂಸು ಬೆಳಗಿನಿಂದ ಒಬ್ಬಳೇ ನನ್ನ ಪ್ರಾಣ ಕಾಯುತ್ತಿತ್ತು.

ಮಾತಾಡುವಂತಿಲ್ಲ. ನಾನು ಫುಸಾಯೆ ಅಕ್ಕನ ಕೈ ಬಿಡಿಸಿಕೊಂಡು, ಸೀಳಿನಲ್ಲಿ ಕಂಡಷ್ಟು ನೆಲ ನೋಡಿಕೊಂಡು ತಂತಿಯ ಜಾಡು ಹಿಡಿದು ಹೊರಟೆ. ಅಗೆದ ಮಣ್ಣು ಸಿಕ್ಕಿದ ಕಡೆ ನಿಂತು, ಮೊರುಬೆಯ ಉದ್ದ ಬೆರಳಿನಿಂದ ನೆಲ ತೋರಿಸಿದೆ. ಮೇಲಕ್ಕೆ ತೋರಿಸಿದೆ. ತೆಗೀರಿ ಎಂದು. ಯಾರೂ ಅಲುಗಾಡಲಿಲ್ಲ. ಸರಿ, ಹಾಗಾದರೆ ನೋಡಿಯೇಬಿಡೋಣ ಎಂದು ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತೆ.

“ಏಯ್! ಏಯ್! ತಲೆ ಕೆಟ್ಟಿದ್ಯಾ ನಿಂಗೆ?” ವಾಕುಯಿ ಕಿರುಚಿಕೊಂಡು ಓಡಿ ಬಂದ. ಬರುತ್ತಲೇ ತಂತಿಯನ್ನು ಮದ್ದು ಸಿಡಿಸುವ ಪೆಟ್ಟಿಗೆಯಿಂದ ಕಿತ್ತೆಸೆದ. ಆ ಪೆಟ್ಟಿಗೆಯ ಬೀಗದ ಕೈ ಯಾವಾಗಲೂ ಅವನ ಎದೆಯ ಜೇಬಿನಲ್ಲೇ ಇರುತ್ತದೆ, ಅದಿಲ್ಲದೆ ಮದ್ದು ಸಿಡಿಯದು ಎಂದು ನನಗೆ ಗೊತ್ತಿತ್ತು. ಆದರೂ ಪಾಪ, ಬೆವತುಹೋಗಿದ್ದ.

ಮುನಕಾತಾ ನಿಧಾನವಾಗಿ ಬಂದರು. “ಸುಗಿನೊ ಸಾನ್, ಇದನ್ನ ತೆಗೆದ್ರೆ ಮತ್ತೆ ಹೂಳೋಕೆ ಹೊತ್ತಿಲ್ಲ. ಆಮೇಲೆ ಮಗು ಕೈ ಕೊಡ್ಲಿಲ್ಲ ಅಂದ್ರೆ ಈ ಕಂತಿಗೆ ಕೊನೆನೇ ಇರಲ್ಲ. ನಾಳೆ ನನ್ನನ್ನ ಮನೆಗೆ ಕಳಿಸ್ತಾರೆ, ನಿಮ್ಮನ್ನ ಇನ್ಯಾರೂ ಕರೆಯಲ್ಲ. ಗೊತ್ತು ತಾನೇ?”

ಗೊತ್ತಿತ್ತು. ನಾನು ಎದ್ದೆ, ಎರಡು ಕೈಯನ್ನೂ ತೊಡೆಗೆ ಒತ್ತಿ, ಸೊಂಟ ಅಯ್ಯೋ ಎಂದರೂ ಬಿಡದೆ, ಎಷ್ಟು ಬಗ್ಗಲು ಸಾಧ್ಯವೋ ಅಷ್ಟು ಬಗ್ಗಿ ನಿಂತೆ. ಪಕ್ಕದಲ್ಲಿ ರಬ್ಬರ್ ಉಜ್ಜಿದ ಸದ್ದಾಯಿತು. ಉಳಿದ ಎರಡು ಮೊರುಬೆಗಳೊಳಗಿದ್ದ ಹುಡುಗರೂ ತಡವರಿಸುತ್ತಾ ಬಂದು ಸಾಲಾಗಿ ನಿಂತು ಬಗ್ಗಿದ್ದರು. ಒಬ್ಬ ದಿಕ್ಕು ತಪ್ಪಿ ಸಾರಿನ ಹಂಡೆಗೆ ನಮಸ್ಕಾರ ಹಾಕುತ್ತಿದ್ದ.

ಯಾರೋ ಕಿಸಕ್ಕೆಂದರು. ಆಮೇಲೆ ಮುನಕಾತಾ ಅವರೇ ಟೊಪ್ಪಿ ತೆಗೆದು ಮುಖಕ್ಕೆ ಒತ್ತಿಕೊಂಡು ನಕ್ಕರು. “ಭೂಮಿಯನ್ನ ಗೆಲ್ಲೋಕೆ ಬಂದವರು ಮೂರು ಜನ ನನ್ನ ಕಾಲಿಗೆ ಬೀಳ್ತಿದಾರೆ. ತೆಗಿ ವಾಕುಯಿ, ಎಲ್ಲ ತೆಗಿ.”

ವಾಕುಯಿ ಮೊಣಕಾಲೂರಿ ಒಂದೊಂದೇ ಪೊಟ್ಟಣ ಹೊರತೆಗೆದ. ಗೊಣಗಾಟ ನಿಂತಿರಲಿಲ್ಲ. “ನೋಡು ಪುಟ್ಟಿ, ಇಲ್ಲಿದ್ದಿದ್ದು ಬಂತು. ಅಲ್ಲಿದ್ದಿದ್ದೂ ಬಂತು. ಇನ್ನೆಲ್ಲಾದ್ರೂ ಅನುಮಾನ ಇದ್ರೆ ತೋರ್ಸು, ಅಗೀತೀನಿ.” ನಾಯು ದೂರದಿಂದ ಇನ್ನೊಂದು ಕಡೆ ತೋರಿಸಿದಳು. ಅಲ್ಲೇನೂ ಇರಲಿಲ್ಲ. ಆದರೂ ಅವನು ಅಗೆದ. ಮರ್ಯಾದಸ್ಥ. ಆಮೇಲೆ ಎಲ್ಲವನ್ನೂ ಪೆಟ್ಟಿಗೆಗೆ ತುಂಬಿ ವ್ಯಾನಿನಲ್ಲಿಟ್ಟು, ವ್ಯಾನನ್ನು ಕ್ವಾರಿಯಿಂದ ಆಚೆ ಬಿಟ್ಟು ಬಂದ.

ಬಿಸಿಲು ಇನ್ನು ಒಂದೇ ಟೇಕಿಗೆ ಆಗುವಷ್ಟು ಉಳಿದಿತ್ತು. ಬೆಳ್ಳಿವೀರ ಬೆಳಕು ಬಿಡುವ ಭಂಗಿಯಲ್ಲಿ ಅಂಗೈ ಚಾಚಿ ನಿಂತ. ನಾನು ಬಗ್ಗಿ ಕೈ ಚಾಚಿದೆ. ಸೀಳಿನಲ್ಲಿ ಕೆಂಪು ಕೋಟು ಕಾಣಿಸಿತು, ನಿಂತಿತು, ಮತ್ತೆ ಬಂತು. ಮೊರುಬೆಯ ಬೆರಳು ದಪ್ಪ, ಒಳಗೆ ಏನೂ ತಿಳಿಯುವುದಿಲ್ಲ. ಆದರೂ ಅವಳು ಹಿಡಿದದ್ದು ತಿಳಿಯಿತು. ಅಷ್ಟು ಬಿಗಿಯಾಗಿ ಹಿಡಿದಿದ್ದಳು.

ಸ್ಕ್ರಿಪ್ಟಿನಲ್ಲಿ ಅವಳಿಗೆ ಮಾತಿರಲಿಲ್ಲ. ಅವಳು ಬೆಳ್ಳಿವೀರನ ಕಡೆ ತಿರುಗಿ, “ಏಯ್, ನೀನು ಕೈ ಇಳ್ಸು,” ಎಂದು ಗದರಿದಳು.

ವೀರನೊಳಗಿದ್ದ ನಟ ಒಂದು ಕ್ಷಣ ತಬ್ಬಿಬ್ಬಾದ. ನಂತರ ಕೈ ಇಳಿಸಿದ. ಕ್ಯಾಮೆರಾ ಓಡುತ್ತಲೇ ಇತ್ತು.

ಇನ್ನು ನಾನು ಹೋಗಬೇಕು. ನಾಯುವಿನ ಕೈ ಬಿಟ್ಟು ತಿರುಗಿದೆ, ಕ್ವಾರಿಯ ಬಾಯಿಯತ್ತ ಹೆಜ್ಜೆ ಹಾಕಿದೆ. ಆಗ ಹೊಳೆಯಿತು, ಇದು ನನಗೆ ಗೊತ್ತೇ ಇಲ್ಲ. ಬರುವುದು ಗೊತ್ತು, ಬೀಳುವುದು ಗೊತ್ತು. ಬದುಕಿದವರು ಹೇಗೆ ಹೋಗುತ್ತಾರೆ, ಭುಜ ಎಲ್ಲಿರುತ್ತದೆ, ಎಷ್ಟು ಬೇಗ ನಡೆಯುತ್ತಾರೆ, ನನಗೆ ಯಾರೂ ಕಲಿಸಿರಲಿಲ್ಲ. ಸೊಂಟ ಹೇಗೆ ಬಿಟ್ಟಿತೋ ಹಾಗೆ ನಡೆದೆ. ಹಿಂದಿನಿಂದ ನಾಯು “ಮತ್ತೆ ಬಾ!” ಎಂದು ಕೂಗಿದಳು. ಕಣ್ಣೀರು ಮೂಗಿನವರೆಗೆ ಇಳಿಯಿತು, ಒರೆಸಿಕೊಳ್ಳಲು ದಾರಿಯಿಲ್ಲ, ನಾನು ಒಳಗೇ ಹುಚ್ಚಿಯ ಹಾಗೆ ನಗುತ್ತಿದ್ದೆ.

“ಕಟ್!” ಎಂದರು ಮುನಕಾತಾ. ಚಪ್ಪಾಳೆ ಬಿತ್ತು.

“ಮಿಸಾವೊ! ಕಟ್ ಆಯ್ತು ಕಣೇ! ಎಲ್ಲಿಗ್ಹೋಗ್ತಿದೀಯ? ಕೇಳಿಸ್ಲಿಲ್ವಾ?” ಫುಸಾಯೆ ಅಕ್ಕ ಏದುಸಿರು ಬಿಡುತ್ತಾ ಹಿಂದೆ ಓಡಿ ಬರುತ್ತಿದ್ದಳು.

ಕೇಳಿಸಿತ್ತು. ನಾನು ನಡೆಯುತ್ತಲೇ ಇದ್ದೆ.